ಬಾಗಿಲಿನವಳು

ವಿದ್ಯಾನಗರ, ಶಿವಮೊಗ್ಗ
೧೪ ಆಗಸ್ಟ್ ೨೦೦೯

ಪೂಜ್ಯ ದೊಡ್ಡಮ್ಮನಿಗೆ ರಂಜಿನಿಯ ವಂದನೆಗಳು.

ನಿನ್ನೆಯಿಂದ ನಮ್ಮ ನರ್ಸಿಂಗ್ ಶಾಲೆಯ ಹಾಸ್ಟೆಲಿನ ಗೇಟಿಗೆ ಬೀಗ ಬಿದ್ದಿದೆ. ಹೊರಗಿನವರು ಒಳಗೆ ಬರುವಂತಿಲ್ಲ, ನಾವು ಆಸ್ಪತ್ರೆಗಲ್ಲದೆ ಬೇರೆಲ್ಲಿಗೂ ಹೋಗುವಂತಿಲ್ಲ. ಮೊಬೈಲುಗಳು ಎಂದಿನಂತೆ ವಾರ್ಡನ್ನರ ಕಪಾಟಿನಲ್ಲಿವೆ. ಫೋನು ಕೈಯಲ್ಲಿದ್ದರೂ ನಿಮ್ಮ ಕಿವಿಗೆ ಕೇಳಿಸುವಷ್ಟು ಗಟ್ಟಿಯಾಗಿ ಕೂಗಿದರೆ ಇಡೀ ಹಾಸ್ಟೆಲಿಗೆ ನಮ್ಮ ಮನೆಯ ಮಾತು ಗೊತ್ತಾಗುತ್ತದೆ. ಆದ್ದರಿಂದ ಈ ಪತ್ರ.

ಹಂದಿಜ್ವರದ ಸುದ್ದಿಯನ್ನು ಪೇಪರಿನಲ್ಲಿ ಓದಿರುತ್ತೀರಿ. ನಮ್ಮ ಆಸ್ಪತ್ರೆಯ ಹಿಂಭಾಗದಲ್ಲಿ ಈ ರೋಗಿಗಳಿಗೆಂದೇ ಒಂದು ವಾರ್ಡನ್ನು ಬೇರ್ಪಡಿಸಿದ್ದಾರೆ. ನರ್ಸುಗಳಲ್ಲಿ ಕೆಲವರು ರಜೆ ಹಾಕಿ ಊರಿಗೆ ಹೋದರು. ಮೊನ್ನೆ ಪ್ರಿನ್ಸಿಪಾಲ್ ಮಾಸ್ತಮ್ಮ ಮೇಡಂ ನಮ್ಮನ್ನೆಲ್ಲ ಸೇರಿಸಿ, "ಒತ್ತಾಯ ಇಲ್ಲ. ಮನಸ್ಸಿರೋರು ಮಾತ್ರ ಕೈ ಎತ್ತಿ" ಎಂದರು. ಮೊದಲು ಎದ್ದದ್ದು ಅತೀಕಾಳ ಕೈ. ಕಾಗದನಗರದ ಶಾಲೆಯಲ್ಲಿ ನಿಮ್ಮ ಬಳಿ ಓದಿದವಳು, ನಿಮ್ಮ ಲೂನಾ ರಿಪೇರಿ ಮಾಡುವ ಪೀರ್ ಬಾಷಾ ಅವರ ಮಗಳು. ಕೈ ಎತ್ತಿದವಳು ನನ್ನ ಕಡೆಗೆ ತಿರುಗಿ, "ಏನ್ ಮಾರಾಯ್ತಿ, ಟೀಚರ್ ಮನೆ ಹುಡುಗಿ ಆಗಿ ಕೈ ಮಡಚ್ಕೊಂಡು ಕೂತಿದ್ಯಲ್ಲ" ಎಂದು ಪಿಸುಗುಟ್ಟಿದಳು. ನಾನೂ ಎತ್ತಿದೆ. ನನಗೆ ಕಿಂಚಿತ್ತೂ ಭಯವಿಲ್ಲ.

ಪೋಷಕರ ಒಪ್ಪಿಗೆ ಪತ್ರವನ್ನು ಇದರೊಂದಿಗೆ ಇರಿಸಿದ್ದೇನೆ. ಅಪ್ಪ ಅಮ್ಮ ಹೋದ ಮೇಲೆ ನನಗೆ ಪೋಷಕರೆಂದರೆ ನೀವೇ. ಸಹಿ ಮಾಡಿ ಬೇಗ ಕಳುಹಿಸಿ.

ನಿಮ್ಮ
ರಂಜಿನಿ

*

ಭದ್ರಾವತಿ
೧೭ ಆಗಸ್ಟ್ ೨೦೦೯

ಚಿ. ರಂಜಿನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸಹಿ ಮಾಡಿ ಕಳುಹಿಸಿದ್ದೇನೆ. ಅದಕ್ಕೆ ಎರಡನೆಯ ಯೋಚನೆಯ ಅಗತ್ಯ ನನಗೆ ಕಾಣಲಿಲ್ಲ. ಕಳೆದ ವರ್ಷ ನಿಮ್ಮ ದೀಪ ಬೆಳಗುವ ಸಮಾರಂಭಕ್ಕೆ ಮಾಸ್ತಮ್ಮ ನನ್ನನ್ನು ಅತಿಥಿಯಾಗಿ ಕರೆದಿದ್ದಳು. ನನ್ನ ಕೈಯಲ್ಲಿ ಅಕ್ಷರ ಕಲಿತವಳು ಇಂದು ಒಂದು ಶಾಲೆಯ ಪ್ರಾಂಶುಪಾಲೆ ಎಂಬ ಹೆಮ್ಮೆಯಿಂದಲೇ ಬಂದಿದ್ದೆ. ಅಂದು ಬಿಳಿ ಸಮವಸ್ತ್ರದಲ್ಲಿ ಸಾಲಾಗಿ ನಿಂತು ನೀವು ಪ್ರತಿಜ್ಞೆ ಮಾಡಿದಿರಿ. ಪ್ರತಿಜ್ಞೆಯೆಂಬುದು ಹಬ್ಬದ ಸೀರೆಯಲ್ಲ, ಮಳೆ ಬಂತೆಂದು ಪೆಟ್ಟಿಗೆಯಲ್ಲಿ ಮಡಿಸಿಡುವುದಕ್ಕೆ. ಈ ಮಾತನ್ನು ಅಂದೇ ವೇದಿಕೆಯ ಮೇಲೆ ಹೇಳಿದ್ದೆ. ಇಂದು ನನ್ನ ಮನೆಯ ಮಗುವಿಗೆ ಬರೆಯುತ್ತಿದ್ದೇನೆ.

ನಿನ್ನೆ ಪೀರ್ ಬಾಷಾ ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಅವರ ಕೈಯಲ್ಲೂ ಅದೇ ಒಪ್ಪಿಗೆ ಪತ್ರ. ಕುರ್ಚಿ ಕೊಟ್ಟರೂ ಕುಳಿತುಕೊಳ್ಳಲಿಲ್ಲ.

"ಇದಕ್ಕೆ ಸೈನ್ ಹಾಕ್ಬೇಕಂತೆ ಟೀಚರಮ್ಮ. ಹಾಕ್ಲೋ ಬೇಡ್ವೋ, ನೀವೇ ಹೇಳಿ."

"ಹುಡುಗಿಗೆ ಮನಸ್ಸಿದೆ. ತಡೆಯುವುದು ತಪ್ಪು."

"ನಿಮ್ ರಂಜಿನಿ ಹೋಗ್ತಾಳಾ?"

"ಹೋಗುತ್ತಾಳೆ. ನಾನು ಸಹಿ ಮಾಡಿ ಆಯಿತು."

"ಹಂಗಾದ್ರೆ ಮುಗೀತು. ನಿಮ್ ಹುಡುಗಿ ಹೋಗೋ ಕಡೆ ನಮ್ ಹುಡುಗಿ ಹೋಗಕ್ಕೇನು" ಎಂದು ಅಲ್ಲೇ ಕಿಟಕಿಯ ಕಟ್ಟೆಯ ಮೇಲಿಟ್ಟು ಉರ್ದುವಿನಲ್ಲಿ ಸಹಿ ಹಾಕಿದರು. ಅಮೀನಾ ಬೀ ಮಾತ್ರ, "ಒಬ್ಳೇ ಮಗ್ಳು ಟೀಚರಮ್ಮ" ಎಂದರು. ಸೇವೆಗೆ ಒಬ್ಬಳು, ಇಬ್ಬರು ಎಂಬ ಲೆಕ್ಕವಿಲ್ಲ ಎಂದು ನಾನು ಆಕೆಗೆ ತಿಳಿಹೇಳಿದೆ.

ಅಲ್ಲಿ ನಡೆಯುವುದನ್ನು ವಿವರವಾಗಿ ಬರೆ. ನಿನ್ನ ಪತ್ರವನ್ನು ನಾಲ್ಕು ಜನರಿಗೆ ಓದಿ ಹೇಳುವ ಹಾಗಿರಬೇಕು.

ಆಶೀರ್ವಾದಗಳೊಡನೆ,
ಪುಷ್ಪಮ್ಮ

*

ವಿದ್ಯಾನಗರ, ಶಿವಮೊಗ್ಗ
೨೭ ಆಗಸ್ಟ್ ೨೦೦೯

ಪೂಜ್ಯ ದೊಡ್ಡಮ್ಮನಿಗೆ,

ವಿವರವಾಗಿ ಬರೆ ಎಂದಿದ್ದೀರಿ. ಬರೆಯುತ್ತೇನೆ.

ವಾರ್ಡಿನ ಒಳಗೆ ಹೋಗುವಾಗ ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಳ್ಳಬೇಕು. ಗೌನು, ಕೈಗವಸು, ದೊಡ್ಡ ಕನ್ನಡಕ, ಮೂಗು ಬಾಯಿಗೆ ಬಿಗಿಯಾದ ಮಾಸ್ಕು. ಸ್ವಲ್ಪ ಹೊತ್ತಿಗೆಲ್ಲ ಬೆವರು ಕಾಲಿನವರೆಗೆ ಇಳಿಯುತ್ತದೆ. ನಮ್ಮದು ಜೋಡಿ ಕೆಲಸ. ನನ್ನ ಜೋಡಿ ಅತೀಕಾ. ಅವಳು ಉಪವಾಸವನ್ನೂ ಬಿಟ್ಟಿಲ್ಲ. "ಬಾಯಿಗೆ ಇಷ್ಟ್ ದೊಡ್ಡ ಬೀಗ ಜಡ್ಕೊಂಡ್ ಮೇಲೆ ರೋಜಾ ಇಡೋದೇನ್ ಕಷ್ಟ, ಬೇಕಾದ್ರೆ ನೀನೂ ಇಡು" ಎನ್ನುತ್ತಾಳೆ.

ಹೊಳೆಹೊನ್ನೂರಿನ ಕಡೆಯಿಂದ ಹುಲಿಯಪ್ಪ ಎಂಬವರು ಬಂದಿದ್ದರು. ಮಂಡಿಯಲ್ಲಿ ಮೂಟೆ ಹೊರುವವರು, ಗಟ್ಟಿ ಆಳು. ಎರಡು ದಿನದಲ್ಲಿ ಆಸರೆಯಿಲ್ಲದೆ ಎದ್ದು ಕೂರಲಾರದ ಹಾಗಾದರು. ಗಂಜಿಯನ್ನು ಚಮಚದಲ್ಲಿ ಕುಡಿಸುವಾಗ ಕೆಮ್ಮು ಬಂದು ಎಲ್ಲವೂ ಕನ್ನಡಕದ ಮೇಲೆ ಸಿಡಿಯಿತು. ಅವರಿಗೆ ನಾಚಿಕೆಯಾಯಿತು. "ಯಾರವ್ವ ನೀನು? ಮುಖಾನೇ ಕಾಣಲ್ಲ. ಯಾರ್ ಕೈಲಿ ಉಣ್ತಾ ಇದೀನಿ ಅಂತ್ಲೂ ಗೊತ್ತಾಗಲ್ಲ" ಎಂದರು. ಹೆಸರು ಕೇಳಿದರು. ಕೈಯನ್ನು ಹಿಡಿದುಕೊಂಡು ಬಿಡಲಿಲ್ಲ. ಮಂಗಳವಾರ ಬೆಳಿಗ್ಗೆ ಉಸಿರು ನಿಂತಿತು. ಕಣ್ಣು ಮುಚ್ಚಿಸಿ, ಮೈ ಒರೆಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಡುವುದೂ ನಮ್ಮದೇ ಕೆಲಸ. ಗೇಟಿನಾಚೆ ಅವರ ಮಗ ನಿಂತಿದ್ದ. "ಮುಖ ಒಂದ್ ತೋರ್ಸಿ ಅಕ್ಕ" ಎಂದು ಮತ್ತೆ ಮತ್ತೆ ಕೇಳಿದ. ತೋರಿಸುವ ಹಾಗಿರಲಿಲ್ಲ.

ದೊಡ್ಡಮ್ಮ, ಇದನ್ನು ನಾಲ್ಕು ಜನರಿಗೆ ಓದಿ ಹೇಳಬಹುದೋ ಇಲ್ಲವೋ ನನಗೆ ತಿಳಿಯದು. ಆದರೆ ನೀವು ತಲೆ ತಗ್ಗಿಸುವ ಹಾಗೆ ನಾನು ನಡೆದುಕೊಂಡಿಲ್ಲ.

ನಿಮ್ಮ
ರಂಜಿನಿ

*

ಭದ್ರಾವತಿ
೩೧ ಆಗಸ್ಟ್ ೨೦೦೯

ಚಿ. ರಂಜಿನಿಗೆ,

ನಿನ್ನ ಪತ್ರ ತಲುಪಿತು. ಯಾರಿಗೂ ಓದಿ ಹೇಳಲಿಲ್ಲ.

ನಿನಗೆ ಆರು ವರ್ಷವಿದ್ದಾಗ ಒಂದು ಚಳಿಗಾಲವಿಡೀ ಕೆಮ್ಮಿದ್ದೆ. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ನಿನ್ನನ್ನು ಹೆಗಲ ಮೇಲೆ ನೆಟ್ಟಗೆ ಹಾಕಿಕೊಂಡು ನಾನು ಗೋಡೆಗೆ ಒರಗಿ ಕುಳಿತಿರುತ್ತಿದ್ದೆ. ಅದು ನಿನಗೆ ನೆನಪಿರಲಾರದು. ಆಗಿನ ಆ ಎದೆಯ ದೋಷ ಪೂರ್ತಿ ಹೋಯಿತೆಂದು ಯಾವ ವೈದ್ಯರೂ ನನಗೆ ಬರೆದುಕೊಟ್ಟಿಲ್ಲ. ಈಗ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ? ಬರೆ.

ಸೇವೆಯಲ್ಲಿ ಹಲವು ಬಗೆಗಳಿವೆ. ರೋಗಿಯ ಮಗ್ಗುಲಲ್ಲಿ ನಿಲ್ಲುವುದು ಒಂದೇ ಸೇವೆಯಲ್ಲ. ಬಟ್ಟೆ ಮಡಿಸಿಡುವವರು, ಔಷಧಿ ಎಣಿಸಿ ಕೊಡುವವರು ಇಲ್ಲದಿದ್ದರೆ ಆಸ್ಪತ್ರೆ ನಡೆಯುವುದೇ? ಹಿರಿಯರು ಯಾವ ಕೆಲಸ ಒಪ್ಪಿಸಿದರೂ ಅದೇ ದೊಡ್ಡದೆಂದು ತಿಳಿ.

ಮೆಣಸು ಜೀರಿಗೆ ಹುರಿದ ಪುಡಿಯನ್ನು ಕಳುಹಿಸಿದ್ದೇನೆ. ಬಿಸಿನೀರಿನಲ್ಲಿ ಕಲಸಿ ಕುಡಿ.

ಪುಷ್ಪಮ್ಮ

*

ವಿದ್ಯಾನಗರ, ಶಿವಮೊಗ್ಗ
೭ ಸೆಪ್ಟೆಂಬರ್ ೨೦೦೯

ಪೂಜ್ಯ ದೊಡ್ಡಮ್ಮನಿಗೆ,

ನನ್ನನ್ನು ವಾರ್ಡಿನ ಕೆಲಸದಿಂದ ತೆಗೆದರು.

ಶುಕ್ರವಾರ ಮಾಸ್ತಮ್ಮ ಮೇಡಂ ಕರೆಸಿಕೊಂಡು, "ನಾಳೆಯಿಂದ ನೀನು ಬಟ್ಟೆ ಕೋಣೆಗೆ ಹೋಗು" ಎಂದರು. ಏನು ತಪ್ಪಾಯಿತೆಂದು ಕೇಳಿದೆ. ತಪ್ಪೇನೂ ಇಲ್ಲ ಎಂದರು. ನಾನು ಹೊರಡುವಾಗ, "ಉಸಿರು ಹೇಗಿದೆ ಮಗು?" ಎಂದು ಕೇಳಿದರು. ಅವರು ಹಾಗೇಕೆ ಕೇಳಿದರೆಂದು ನನಗೆ ಅರ್ಥವಾಗಲಿಲ್ಲ. ನನ್ನ ಉಸಿರಿಗೆ ಏನಾಗಿದೆ? ಮೂರು ಮಹಡಿ ಒಂದೇ ಓಟಕ್ಕೆ ಹತ್ತುತ್ತೇನೆ.

ಈಗ ದಿನವಿಡೀ ಹೊದಿಕೆಗಳ ನಡುವೆ ಕುಳಿತಿರುತ್ತೇನೆ. ಊಟದ ಕೋಣೆಯಲ್ಲಿ ಹುಡುಗಿಯರು ಏನೂ ಅನ್ನುವುದಿಲ್ಲ. ಅನ್ನದಿರುವುದೇ ಕಷ್ಟ. ಒಬ್ಬಳು ಮಾತ್ರ, "ಪುಣ್ಯವಂತೆ ಬಿಡು, ಯಾರ್ ಕೈಲಿ ಹೇಳ್ಸಿದೆ?" ಎಂದಳು. ನಾನು ಊಟ ಬಿಟ್ಟು ಎದ್ದೆ.

ಅತೀಕಾಗೆ ಈಗ ಜೋಡಿಯಿಲ್ಲ. ಇನ್ನೊಬ್ಬಳನ್ನು ಕೊಡಲು ಹುಡುಗಿಯರು ಸಾಲದು. "ನಿನ್ ಗಂಟಲು ಕೇಳ್ದೆ ಕಿವಿ ಭಣಭಣ ಅಂತಿದೆ ಕಣೇ. ಆ ಬಟ್ಟೆಗಳಿಗೆ ಏನ್ ಪಾಠ ಹೇಳ್ತಿದ್ದೀಯ? ವಾಪಸ್ ಬಾ" ಎನ್ನುತ್ತಾಳೆ.

ಒಂದು ಬೇಡಿಕೆ. ಮಾಸ್ತಮ್ಮ ಮೇಡಂ ನಿಮ್ಮ ಶಿಷ್ಯೆ. ನನ್ನನ್ನು ಮತ್ತೆ ಅತೀಕಾಳ ಜೋಡಿಯಾಗಿ ಹಾಕುವಂತೆ ನೀವೊಂದು ಮಾತು ಬರೆದರೆ ಅವರು ಮೀರುವವರಲ್ಲ.

ನಿಮ್ಮ
ರಂಜಿನಿ

*

ಭದ್ರಾವತಿ
೧೦ ಸೆಪ್ಟೆಂಬರ್ ೨೦೦೯

ಚಿ. ರಂಜಿನಿಗೆ,

ನಿನ್ನ ಪತ್ರದ ಕೊನೆಯ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಶಿಫಾರಸು ಬರೆಯುವುದು ನನ್ನ ಜಾಯಮಾನವಲ್ಲ. ಮೂವತ್ತನಾಲ್ಕು ವರ್ಷದ ವೃತ್ತಿಯಲ್ಲಿ ಯಾರ ಮಗುವಿಗೂ ಒಂದು ಅಂಕವನ್ನು ಹೆಚ್ಚು ಕೊಡಲಿಲ್ಲ, ಯಾರ ಬಾಗಿಲಲ್ಲೂ ನಿಂತು ಕೇಳಲಿಲ್ಲ. ಪ್ರಾಂಶುಪಾಲೆಯ ತೀರ್ಮಾನಕ್ಕೆ ಕಾರಣವಿದ್ದೇ ಇರುತ್ತದೆ. ಅದನ್ನು ಪ್ರಶ್ನಿಸುವುದು ಅಹಂಕಾರ.

ಅತೀಕಾಳಿಗೆ ನಿನ್ನ ಮಾತಿಲ್ಲದೆ ಬೇಸರವಾಗುವುದು ಸಹಜ. ಗೆಳತಿಯರ ಹರಟೆಗೆ ಕಾಲ ಮುಂದಿದೆ. ಸಾಯಂಕಾಲ ಹಾಸ್ಟೆಲಿನಲ್ಲಿ ಮಾತನಾಡಿಸು.

ಬಟ್ಟೆ ಕೋಣೆಯಲ್ಲಿ ಕಿಟಕಿಯಿದೆಯೇ? ಗಾಳಿ ಬೆಳಕು ಚೆನ್ನಾಗಿರಲಿ. ರವೆ ಉಂಡೆ ಕಳುಹಿಸಿದ್ದೇನೆ, ಅತೀಕಾಳಿಗೂ ಕೊಡು. ಸೂರ್ಯ ಮುಳುಗಿದ ಮೇಲೆ ತಿನ್ನಲಿ.

ಈ ಕೆಲವು ದಿನ ನನಗೆ ನಿದ್ರೆ ಚೆನ್ನಾಗಿ ಬರುತ್ತಿದೆ.

ಪುಷ್ಪಮ್ಮ

*

ಭದ್ರಾವತಿ
೨೨ ಸೆಪ್ಟೆಂಬರ್ ೨೦೦೯

ಚಿ. ರಂಜಿನಿಗೆ,

ನಿನ್ನೆ ರಂಜಾನ್. ಪೀರ್ ಬಾಷಾ ಪ್ರತಿ ವರ್ಷದಂತೆ ಶಾವಿಗೆ ಪಾಯಸದ ಪಾತ್ರೆಯೊಂದಿಗೆ ಬಂದರು. ಮಗಳಿಲ್ಲದ ಹಬ್ಬ ಎಂದು ಬೇಸರವಿತ್ತು. ಆದರೂ ಮುಖದಲ್ಲಿ ಒಂದು ನೆಮ್ಮದಿ ಕಂಡೆ. ನಾನು ಅದನ್ನು ಮೆಚ್ಚಿ, "ಮಗಳನ್ನು ಅಂಥ ಕಡೆ ಕಳುಹಿಸಿಯೂ ಧೈರ್ಯವಾಗಿದ್ದೀರಿ" ಎಂದೆ. ಅವರು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ.

"ನಂದೇನ್ ಧೈರ್ಯ ಟೀಚರಮ್ಮ. ಬಾಗ್ಲಲ್ಲಿ ನಿಮ್ ಹುಡುಗಿ ನಿಂತಿರ್ತಾಳಲ್ಲ. ನಮ್ ಅತೀಕಾ ಒಳಗಿಂದ ಬಂದು ಆ ಬಟ್ಟೆ ಎಲ್ಲ ಬಿಚ್ಚೋವಾಗ ರಂಜಿನಿ ಗಾಜಿನ ಆಚೆಯಿಂದ ಒಂದೊಂದೇ ಹೇಳ್ತಾಳಂತೆ, ಈಗ ಇದು ತೆಗಿ, ಈಗ ಕೈ ತೊಳಿ ಅಂತ. ತಪ್ಪಿ ಮುಖದ ಹತ್ರ ಕೈ ಹೋದ್ರೆ ಗದರ್ತಾಳಂತೆ. ರೋಗ ಅಂಟೋದು ಒಳಗಲ್ಲ, ಬಿಚ್ಚೋವಾಗ್ಲೇ ಅಂತೆ. ನಮ್ ಹುಡುಗಿ ಹೋದ್ ತಿಂಗ್ಳು ವಾರ್ಡನ್ ಫೋನಲ್ಲಿ ಎಲ್ಲ ಹೇಳಿದ್ಲು. ಅದಕ್ಕೇ ನಂಗೆ ನಿದ್ದೆ ಬರುತ್ತೆ."

ನಾನು ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋದೆ. ನಿನ್ನನ್ನು ಅಲ್ಲಿಂದ ತೆಗೆದಿದ್ದಾರೆ ಎಂಬುದನ್ನು ಅವರಿಗೆ ಹೇಳಲಿಲ್ಲ. ಹೇಳಬೇಕೆಂದು ತೊಳೆದ ಪಾತ್ರೆಯನ್ನು ಹಿಡಿದು ಹೊರಗೆ ಬರುವಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿದ್ದರು.

ನನ್ನ ಪ್ರಶ್ನೆಗೆ ನೇರವಾಗಿ ಉತ್ತರ ಬರೆ. ನೀನು ವಾರ್ಡಿನ ಒಳಗಿದ್ದೆಯೋ, ಬಾಗಿಲಲ್ಲಿದ್ದೆಯೋ? ಹುಲಿಯಪ್ಪನವರಿಗೆ ಗಂಜಿ ಕುಡಿಸಿದವರು ಯಾರು? ಈಗ ಅತೀಕಾಳ ಬಾಗಿಲಲ್ಲಿ ಯಾರು ನಿಲ್ಲುತ್ತಾರೆ?

ಪುಷ್ಪಮ್ಮ

*

ವಿದ್ಯಾನಗರ, ಶಿವಮೊಗ್ಗ
೨೪ ಸೆಪ್ಟೆಂಬರ್ ೨೦೦೯

ಪೂಜ್ಯ ದೊಡ್ಡಮ್ಮನಿಗೆ,

ಅತೀಕಾಗೆ ಜ್ವರ. ಹಬ್ಬದ ಹಿಂದಿನ ದಿನ ಮೈ ಕೈ ನೋವೆಂದಳು. ಉಪವಾಸದ ಸುಸ್ತು ಎಂದುಕೊಂಡೆವು. ಹಬ್ಬದ ದಿನ ಪಾಯಸ ಬೇಡವೆಂದಾಗ ನನಗೆ ಹೆದರಿಕೆಯಾಯಿತು. ಇಂದು ಅವಳನ್ನು ಅದೇ ವಾರ್ಡಿಗೆ ಸೇರಿಸಿದ್ದಾರೆ. ಮನೆಗೆ ವಾರ್ಡನ್ ಫೋನು ಮಾಡುತ್ತಾರೆ. ಅಮೀನಾ ಬೀ ಅವರನ್ನು ನೀವು ಒಮ್ಮೆ ನೋಡಿ ಬನ್ನಿ.

ನಿಮ್ಮ ಪ್ರಶ್ನೆಗಳಿಗೆ ಉತ್ತರ.

ನಾನು ಬಾಗಿಲಿನವಳು. ಜೋಡಿಯಲ್ಲಿ ಒಬ್ಬಳು ಒಳಗಿನವಳು, ಒಬ್ಬಳು ಬಾಗಿಲಿನವಳು. ಒಳಗಿನವಳು ಹೊರಬರುವಾಗ ಅವಳ ಬುದ್ಧಿ ಅವಳ ಕೈಯಲ್ಲಿ ಇರುವುದಿಲ್ಲ. ಬೆವರು, ಬಾಯಾರಿಕೆ, ಮೂಗಿನ ಮೇಲೆ ತುರಿಕೆ. ಕೈ ತಾನಾಗಿಯೇ ಮುಖಕ್ಕೆ ಹೋಗುತ್ತದೆ. ಆದ್ದರಿಂದ ಅವಳು ಏನನ್ನೂ ಯೋಚಿಸಬಾರದು. ಬಾಗಿಲಿನವಳು ಕೂಗಿದ್ದನ್ನು ಮಾತ್ರ ಮಾಡಬೇಕು. ಕೈಗವಸು. ಕೈ ತೊಳಿ. ಕನ್ನಡಕ. ಗೌನು, ಒಳಗು ಹೊರಗಾಗಿ ಸುತ್ತಿ. ಕೈ ತೊಳಿ. ಮಾಸ್ಕು ಕೊನೆಗೆ, ಹಿಂದಿನ ದಾರದಿಂದ. ನನ್ನನ್ನು ಅದಕ್ಕೆ ಆರಿಸಿದ್ದೇ ಗಂಟಲಿಗಾಗಿ. "ನಿಂದು ಟೀಚರ್ ಡಿಕ್ಟೇಶನ್ ಕೊಟ್ಟಂಗೇ ಇರುತ್ತೆ, ಗಾಜಿನ ಆಚೆಯಿಂದ್ಲೂ ಒಂದಕ್ಷರ ತಪ್ಪಲ್ಲ" ಎನ್ನುತ್ತಿದ್ದಳು ಅತೀಕಾ. ಅವಳ ಕೈ ಮೇಲೆದ್ದರೆ ನಾನು "ಕೈ" ಎಂದು ಗದರುತ್ತಿದ್ದೆ. ಅವಳು ಹಾಗೇ ನಿಂತು, ಅಪ್ಪಣೆ ಗುರುಗಳೇ ಎನ್ನುವ ಹಾಗೆ "ಜೀ ಹಜರತ್" ಎನ್ನುತ್ತಿದ್ದಳು.

ಹುಲಿಯಪ್ಪನವರಿಗೆ ಗಂಜಿ ಕುಡಿಸಿದವಳು ಅತೀಕಾ. ಕೈ ಹಿಡಿಸಿಕೊಂಡವಳು ಅವಳು. ಕಣ್ಣು ಮುಚ್ಚಿಸಿದವಳೂ ಅವಳೇ. ನಾನು ಗಾಜಿನಾಚೆ ನಿಂತು ನೋಡಿದ್ದೆ. ಅವರ ವಿಷಯ ಬರೆದಲ್ಲಿ "ನಾನು" ಎಂದು ಎಲ್ಲೂ ಬರೆಯಲಿಲ್ಲ. ಆದರೆ ನೀವು ಹಾಗೆ ಓದಿಕೊಳ್ಳಲಿ ಎಂದೇ ಬರೆದೆ. ಬಾಗಿಲಲ್ಲಿ ನಿಂತು ಕೂಗುತ್ತೇನೆ ಎಂದರೆ ನೀವು ನಾಲ್ಕು ಜನರಿಗೆ ಓದಿ ಹೇಳುತ್ತಿರಲಿಲ್ಲ.

ಈಗ ಬಾಗಿಲಲ್ಲಿ ಯಾರೂ ಇಲ್ಲ. ಗೋಡೆಗೆ ಒಂದು ಕಾಗದ ಅಂಟಿಸಿದ್ದಾರೆ.

ರಂಜಿನಿ

*

ಭದ್ರಾವತಿ
೨೬ ಸೆಪ್ಟೆಂಬರ್ ೨೦೦೯

ಚಿ. ರಂಜಿನಿಗೆ,

ಪತ್ರ ತಲುಪಿದ ಗಳಿಗೆಯಲ್ಲೇ ಮಾಸ್ತಮ್ಮನಿಗೆ ಬರೆದಿದ್ದೇನೆ. ನಿನ್ನನ್ನು ಇಂದೇ ಬಾಗಿಲಿಗೆ ಹಾಕುವಂತೆ, ಪ್ರತಿ ಜೋಡಿಗೂ ಬಾಗಿಲಲ್ಲಿ ಒಬ್ಬಳು ಇರಲೇಬೇಕೆಂದು. ಪತ್ರವನ್ನು ಅಂಚೆಗೆ ಹಾಕದೆ ಶಿವಮೊಗ್ಗದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟೆ.

ಅಮೀನಾ ಬೀ ಅವರ ಮನೆಗೆ ಹೋಗಿದ್ದೆ. ಅಕ್ಕಪಕ್ಕದವರು ಆಗಲೇ ಆ ಕಡೆ ಹೋಗುವುದನ್ನು ಬಿಟ್ಟಿದ್ದಾರೆ. ಮಗಳು ಮನೆಗೆ ಕಾಲಿಟ್ಟು ಎಷ್ಟೋ ದಿನವಾದರೂ ಹಾಲಿನವನು ಪಾತ್ರೆಯನ್ನು ದೂರ ಇಡಿಸಿ ಹಾಲು ಹಾಕಿದ. ಪೀರ್ ಬಾಷಾ ಆಸ್ಪತ್ರೆಯ ಗೇಟಿಗೆ ಹೋಗಿದ್ದರು. ಅಮೀನಾ ಬೀ ನನ್ನ ಕೈ ಹಿಡಿದುಕೊಂಡು, "ನಿಮ್ ರಂಜಿನಿ ಇದ್ದಾಳಲ್ಲ ಅಲ್ಲಿ. ಬಾಗ್ಲಲ್ಲೇ ಇದ್ದಾಳಲ್ಲ?" ಎಂದು ಕೇಳಿದರು.

"ಇದ್ದಾಳೆ" ಎಂದೆ.

ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ಅದು ನಿಜವಾಗಿರಲಿ.

ಯುವತಿ, ಗಟ್ಟಿ ಮೈ. ಮಾತ್ರೆ ಸಿಕ್ಕಿದೆ. ಗುಣವಾಗುತ್ತದೆ. ನಿತ್ಯವೂ ಎರಡು ಸಾಲು ಬರೆ.

ದೊಡ್ಡಮ್ಮ

*

ಭದ್ರಾವತಿ
೯ ಅಕ್ಟೋಬರ್ ೨೦೦೯

ಚಿ. ರಂಜಿನಿಗೆ,

ನಿನ್ನಿಂದ ಪತ್ರವಿಲ್ಲ. ನಾನು ಬರೆದ ಮೂರಕ್ಕೂ ಉತ್ತರವಿಲ್ಲ. ವಾರ್ಡನ್ನರಿಗೆ ಪಕ್ಕದ ಮನೆಯವರಿಂದ ಫೋನು ಮಾಡಿಸಿದೆ. ಆರೋಗ್ಯವಾಗಿದ್ದೀಯೆ, ಕೆಲಸ ಮಾಡುತ್ತಿದ್ದೀಯೆ ಎಂದರು.

ಅತೀಕಾಳನ್ನು ಶನಿವಾರ ಮಧ್ಯಾಹ್ನ ಊರಿಗೆ ತಂದರು. ಮನೆಗೆ ತರಲು ಬಿಡಲಿಲ್ಲ, ಆಸ್ಪತ್ರೆಯ ಗಾಡಿ ನೇರವಾಗಿ ಖಬರಸ್ತಾನಕ್ಕೆ ಹೋಯಿತು. ತಾಯಿಗೆ ಮುಖ ನೋಡಲು ಆಗಲಿಲ್ಲ. ಮೈ ತೊಳೆಸುವ ಶಾಸ್ತ್ರವೂ ಆಗಲಿಲ್ಲ. ಹೆಂಗಸರು ಒಳಗೆ ಹೋಗುವ ಪದ್ಧತಿಯಿಲ್ಲ. ನಾನು ರಸ್ತೆಯ ಈಚೆ ಲೂನಾವನ್ನು ನಿಲ್ಲಿಸಿಕೊಂಡು ನಿಂತಿದ್ದೆ. ಬಂದವರು ಐದಾರು ಜನ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡಿದ್ದರು. ಪೀರ್ ಬಾಷಾ ಕಟ್ಟಿಕೊಂಡಿರಲಿಲ್ಲ. ಹೊರಬಂದಾಗ ನನ್ನನ್ನು ಕಂಡು ಹತ್ತಿರ ಬಂದರು. ಆ ಸ್ಥಿತಿಯಲ್ಲೂ ಅವರು ಕೇಳಿದ್ದು, "ಬಿಸ್ಲಲ್ಲಿ ಎಷ್ಟೊತ್ತಿಂದ ನಿಂತಿದ್ದೀರಿ ಟೀಚರಮ್ಮ" ಎಂದು.

ವೈದ್ಯರು ಏನು ಹೇಳಿದರು? ಕಾರಣವೇನೆಂದು ಹೇಳಿದರೇ?

ನೀನು ಬರೆಯದಿದ್ದರೆ ನಾನು ಏನೆಂದು ತಿಳಿಯಲಿ?

ದೊಡ್ಡಮ್ಮ

*

ವಿದ್ಯಾನಗರ, ಶಿವಮೊಗ್ಗ
೧೫ ಅಕ್ಟೋಬರ್ ೨೦೦೯

ಶ್ರೀಮತಿ ಪುಷ್ಪಮ್ಮ ಟೀಚರ್ ಅವರಿಗೆ,

ನೀವು ಕೇಳಿದ್ದಕ್ಕೆ ಮೊದಲು ಉತ್ತರ. ಡಾಕ್ಟರ್ ಶಿವಶಂಕರಪ್ಪನವರು, "ಎಲ್ಲಿ ಅಂಟಿತು ಅಂತ ಯಾರೂ ಹೇಳಕ್ಕಾಗಲ್ಲ. ಬಾಗ್ಲಲ್ಲಿ ಯಾರಾದ್ರೂ ಇದ್ದಿದ್ರೂ ಅಂಟಬಹುದಿತ್ತು" ಎಂದರು. ಅದು ನಿಜವಿರಬಹುದು. ನಿಮಗೆ ನೆಮ್ಮದಿಯಾಗುವುದಾದರೆ ಅದನ್ನು ಇಟ್ಟುಕೊಳ್ಳಿ. ನನಗೆ ಆಗಲಿಲ್ಲ.

ಮೇಡಂಗೆ ನೀವು ಬರೆದ ಎರಡನೆಯ ಪತ್ರ ತಲುಪಿದ ದಿನವೇ ಅವರು ನನ್ನನ್ನು ಬಾಗಿಲಿಗೆ ಹಾಕಿದರು. ಹೀಗಾಗಿ ಅತೀಕಾಳ ಕೊನೆಯ ದಿನಗಳನ್ನು ನಾನು ಗಾಜಿನಾಚೆಯಿಂದ ನೋಡಿದೆ. ಅವಳನ್ನು ನೋಡಿಕೊಳ್ಳುವ ಹುಡುಗಿಯರು ಹೊರಬರುವಾಗ ನಾನು ಕೂಗುತ್ತಿದ್ದೆ. ಅವಳ ಮಂಚ ಅಲ್ಲೇ ಎದುರಿಗಿತ್ತು. ಒಂದು ಸಾಯಂಕಾಲ ಅವಳು ಆಮ್ಲಜನಕದ ಮುಖವಾಡವನ್ನು ಸರಿಸಲು ಕೈ ಎತ್ತಿದಳು. ನಾನು ಅಭ್ಯಾಸದಿಂದ "ಕೈ" ಎಂದುಬಿಟ್ಟೆ. ಕೈ ಅಲ್ಲೇ ನಿಂತಿತು. ನನ್ನ ಕಡೆಗೆ ತಿರುಗಿದಳು. ಮುಖವಾಡ ಅವಳ ಬಾಯಿ ಮುಚ್ಚಿತ್ತು, ಏನಂದಳೋ ಕೇಳಿಸಲಿಲ್ಲ. ಏನಂದಿರಬಹುದೆಂದು ನನಗೆ ಗೊತ್ತು.

ಅವಳು ಹೋದ ಮರುದಿನ ಮಾಸ್ತಮ್ಮ ಮೇಡಂ ನನ್ನನ್ನು ಕರೆಸಿದರು. ತುಂಬ ಅತ್ತಿದ್ದರು. "ನಿಮ್ ದೊಡ್ಡಮ್ಮ ಬರೆದ ಮೇಲೆ ನಾನು ಇಲ್ಲ ಅನ್ನೋದು ಹೆಂಗಮ್ಮ? ನಂಗೆ ಅಕ್ಷರ ಕಲ್ಸಿದವರು. ನಿಂಗೆ ಚಿಕ್ಕಂದಿನಿಂದ ಉಬ್ಬಸ ಅಂತ ಬರೆದಿದ್ರು. ವಾರ್ಡಿಂದ ತೆಗಿ ಅಂದ್ರು, ತೆಗೆದೆ. ನೀನಿದ್ದದ್ದು ಬಾಗ್ಲಲ್ಲಿ, ಅಲ್ಲಿ ನಿಂಗೇನೂ ಆಗಲ್ಲ ಅಂತ ವಾಪಸ್ ಬರೀಬೇಕಿತ್ತು. ಟೀಚರಿಗೆ ಎದುರು ಬರೆಯೋ ಧೈರ್ಯ ಬರ್ಲಿಲ್ಲ" ಎಂದರು.

ನನಗೆ ಉಬ್ಬಸವಿಲ್ಲ. ಎಂದೂ ಇರಲಿಲ್ಲ. ನೀವು ಆ ಪತ್ರವನ್ನು ಬರೆದ ದಿನವೇ ಸೇವೆಯಲ್ಲಿ ಹಲವು ಬಗೆಗಳಿವೆ ಎಂದು ನನಗೂ ಬರೆದಿರಬೇಕು. ನನ್ನ ಸುಳ್ಳನ್ನು ನಂಬಿ ನೀವು ಒಂದು ಸುಳ್ಳು ಬರೆದಿರಿ. ಇದರಲ್ಲಿ ನನ್ನ ಪಾಲನ್ನು ನಾನು ಕಡಿಮೆ ಮಾಡಿಕೊಳ್ಳುವುದಿಲ್ಲ.

ಈಗ ಎರಡು ವಿಷಯ. ಮಳೆಗಾಲ ಮುಗಿದರೂ ರೋಗಿಗಳು ಕಡಿಮೆಯಾಗಿಲ್ಲ. ನಾನು ಒಳಗಿನ ಕೆಲಸಕ್ಕೆ ಹೆಸರು ಕೊಟ್ಟಿದ್ದೇನೆ. ಅದಕ್ಕೆ ಬೇರೆ ಒಪ್ಪಿಗೆ ಪತ್ರ ಬೇಕಂತೆ. ಇರಿಸಿದ್ದೇನೆ.

ಎರಡನೆಯದು. ಪೀರ್ ಬಾಷಾ ಅವರು ಈಗಲೂ ನಾನು ಎಲ್ಲ ದಿನವೂ ಬಾಗಿಲಲ್ಲಿದ್ದೆ ಎಂದೇ ನಂಬಿದ್ದಾರೆ. ಗೇಟಿನ ಬಳಿ ನನ್ನನ್ನು ಕಂಡು, "ನೀನಿದ್ಯಲ್ಲಮ್ಮ, ಅದೊಂದು ಸಮಾಧಾನ" ಎಂದರು. ಅವರಿಗೆ ನಿಜ ತಿಳಿಯಬೇಕು. ನಾನು ಹೇಳಿದರೆ ನಿಮ್ಮ ಮೇಲೆ ದೂರು ಹೇಳಿದಂತಾಗುತ್ತದೆ. ನೀವೇ ಹೋಗಿ ಹೇಳಬೇಕು.

ರಂಜಿನಿ

*

ಭದ್ರಾವತಿ
೨೬ ಅಕ್ಟೋಬರ್ ೨೦೦೯

ರಂಜಿನಿಗೆ,

ಇಷ್ಟು ದಿನ ತಡವಾದದ್ದು ಅಂಚೆಯಿಂದಲ್ಲ. ನಾನು ಮೂರು ಸಲ ಪೀರ್ ಬಾಷಾ ಅವರ ಗ್ಯಾರೇಜಿನವರೆಗೆ ಹೋಗಿ ಹಿಂದಿರುಗಿದೆ. ಒಮ್ಮೆ ಅವರೇ ಕಂಡು, "ಗಾಡಿ ಏನಾದ್ರೂ ತೊಂದ್ರೆನಾ ಟೀಚರಮ್ಮ" ಎಂದು ಕೂಗಿದರು. ಇಲ್ಲವೆಂದು ಬಂದುಬಿಟ್ಟೆ. ಇಂದು ಬೆಳಿಗ್ಗೆ ಹೋದೆ.

ಒಂದು ಬೈಕಿನ ಚಕ್ರ ಬಿಚ್ಚುತ್ತಿದ್ದರು. ನನ್ನನ್ನು ಕಂಡು ಎಂದಿನಂತೆ ಹೆಗಲಿನ ಬಟ್ಟೆಯಿಂದ ಸ್ಟೂಲನ್ನು ಒರೆಸಿ ಮುಂದೆ ಇಟ್ಟರು. ನಾನು ನಿಂತೇ ಹೇಳಿದೆ. ಮಾಸ್ತಮ್ಮನಿಗೆ ಬರೆದದ್ದು, ಉಬ್ಬಸವೆಂದು ಬರೆದದ್ದು, ನಿನ್ನನ್ನು ಬಾಗಿಲಿನಿಂದ ತೆಗೆಸಿದ್ದು, ಹಬ್ಬದ ದಿನ ತಿಳಿದೂ ಬಾಯಿ ಬಿಡದೆ ಪಾಯಸದ ಪಾತ್ರೆ ತೊಳೆದು ಕೊಟ್ಟದ್ದು, ಅಮೀನಾ ಬೀ ಕೇಳಿದಾಗ "ಇದ್ದಾಳೆ" ಎಂದದ್ದು. ಯಾವುದನ್ನೂ ಸುತ್ತಿ ಬಳಸಿ ಹೇಳಲಿಲ್ಲ. ನೀನು ಪತ್ರದಲ್ಲಿ ನಿನ್ನನ್ನು ಒಳಗಿದ್ದಂತೆ ತೋರಿಸಿಕೊಂಡದ್ದನ್ನು ಹೇಳಲಿಲ್ಲ. ನಾಲ್ಕು ಜನರಿಗೆ ಓದಿ ಹೇಳುವ ಹಾಗೆ ಬರೆ ಎಂದು ಕೇಳಿದವಳು ನಾನು.

ಅವರು ಸ್ಪ್ಯಾನರನ್ನು ಕೆಳಗಿಡಲಿಲ್ಲ. ಧ್ವನಿ ಏರಲಿಲ್ಲ.

"ನಿಮ್ ಹುಡುಗಿನ ನೀವ್ ಕಾಪಾಡ್ಕೊಂಡ್ರಿ ಟೀಚರಮ್ಮ. ಅದ್ರಲ್ಲಿ ತಪ್ಪೇನಿದೆ? ನಂಗೂ ಆಸೆ ಇತ್ತು. ಆ ಕಾಗದ ಹಿಡ್ಕೊಂಡು ನಿಮ್ ಮನೇಗೆ ಬಂದಿದ್ದು, ನೀವು ಬೇಡ ಅಂತೀರೇನೋ ಅಂತ."

ಅವರು ಸ್ಪ್ಯಾನರನ್ನು ಹೆಗಲಿನ ಬಟ್ಟೆಯಿಂದ ಒರೆಸಿದರು.

"ನೀವು ಬೇಡ ಅಂದಿದ್ರೆ ನಮ್ಮವಳು ನನ್ ಮಾತು ಕೇಳ್ತಿರ್ಲಿಲ್ಲ, ನಿಮ್ ಮಾತು ಕೇಳ್ತಿದ್ಲು" ಎಂದರು. ಆಮೇಲೆ, "ಅಮೀನಾಗೆ ಹೇಳ್ಬೇಡಿ. ಬಾಗ್ಲಲ್ಲಿ ನಿಮ್ ಹುಡುಗಿ ಇದ್ಲು ಅಂತ ಅವಳು ದಿನಾ ಹೇಳ್ಕೊಂಡು ಅನ್ನ ತಿಂತಾಳೆ" ಎಂದು ಚಕ್ರದ ಕಡೆಗೆ ತಿರುಗಿದರು.

ನಾನು ಲೂನಾವನ್ನು ತಳ್ಳಿಕೊಂಡೇ ಮನೆಗೆ ಬಂದೆ. ಅದನ್ನು ಇನ್ನು ಅಲ್ಲಿಗೆ ಒಯ್ಯಲಾರೆ, ಬೇರೆ ಕಡೆಗೂ ಒಯ್ಯಲಾರೆ.

ಒಪ್ಪಿಗೆ ಪತ್ರ ಇದರೊಂದಿಗಿದೆ. ಮಾಸ್ತಮ್ಮನಿಗೆ ಬೇರೆ ಯಾವ ಪತ್ರವೂ ನನ್ನಿಂದ ಹೋಗಿಲ್ಲ, ಹೋಗುವುದೂ ಇಲ್ಲ. ಮೊದಲ ಸಲ ಸಹಿ ಮಾಡಿದಾಗ ಅದರಲ್ಲಿ ಅಚ್ಚಾದದ್ದನ್ನು ನಾನು ಓದಿರಲಿಲ್ಲ. ಈ ಸಲ ಓದಿದೆ. ಸೋಂಕು ತಗಲಿದರೆ, ಜೀವಕ್ಕೆ ಅಪಾಯವಾದರೆ ಸಂಸ್ಥೆಯನ್ನು ಹೊಣೆಯಾಗಿಸುವುದಿಲ್ಲ ಎಂಬ ಸಾಲಿನ ಕೆಳಗೆ ಸಹಿಗೆ ಜಾಗವಿದೆ. ಪೀರ್ ಬಾಷಾ ಉರ್ದುವಿನಲ್ಲಿ ಸಹಿ ಹಾಕಿದ್ದು ಅದೇ ಜಾಗದಲ್ಲಿ. ಅವರಿಗೆ ಅದನ್ನು ಓದಿ ಹೇಳಿದವರು ಯಾರೂ ಇರಲಿಲ್ಲ. ಅವರು ಓದಿಸಲೆಂದೇ ನನ್ನ ಮನೆಗೆ ಬಂದಿದ್ದರು.

ಸಹಿ ಮಾಡಿದ್ದೇನೆ.

ನೀನು ಒಳಗೆ ಹೋದಾಗ ಬಾಗಿಲಲ್ಲಿ ಯಾರು ನಿಲ್ಲುತ್ತಾರೆ ಎಂದು ಕೇಳುವ ಅಧಿಕಾರ ನನಗಿಲ್ಲ. ಅವಳು ಯಾರೇ ಆಗಿರಲಿ, ಅವಳ ಮನೆಯವರು ಅವಳನ್ನು ಅಲ್ಲಿಯೇ ಇರಗೊಡಲಿ.

ಸಹಿಯ ಕೆಳಗೆ "ವಿದ್ಯಾರ್ಥಿನಿಯೊಂದಿಗಿನ ಸಂಬಂಧ" ಎಂದು ಒಂದು ಸಾಲಿದೆ. ಅದನ್ನು ಖಾಲಿ ಬಿಟ್ಟಿದ್ದೇನೆ. ಏನು ಬರೆಯಬೇಕೆಂದು ನೀನೇ ಯೋಚಿಸಿ ತುಂಬು.

ಪುಷ್ಪಮ್ಮ